ಶರದೃತುವಿನ ಪರದೇಶಯಾತ್ರೆ

ನಮ್ಮ ಬೆಂಗಳೂರಿನ ಉತ್ತರಭಾಗದ ಗೃಹಸ್ಥರಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಪರಿಪಾಟಿಯು ಕಾಣಬರುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಹಿಂದೆ ದಸರೆಯ ರಜೆಯೆಂದರೆ ಮೈಸೂರು. ಇಲ್ಲವಾದರೆ ಧರ್ಮಸ್ಥಳ, ಸುಬ್ರಹ್ಮಣ್ಯ. ಅದೂ ಒದಗದಿದ್ದರೆ ಅಜ್ಜಿಯ ಮನೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಯಲಹಂಕದವರಿಗೆ ಪರದೇಶವು ಮೆಜೆಸ್ಟಿಕ್ಕಿಗಿಂತಲೂ ಸಮೀಪವಾದಂತೆ ಆಗಿದೆ. ಜಪಾನಿನ ವಿಮಾನ ಸಂಸ್ಥೆಯೊಂದು 2021ರಲ್ಲಿ ಇಲ್ಲಿಂದ ಟೋಕಿಯೋ ಬಳಿಯ ನರೀತಾಕ್ಕೆ ನೇರ ವಿಮಾನವನ್ನು ಆರಂಭಿಸಿದಂದಿನಿಂದ ಆ ದೇಶದ ಹೆಸರು ನಮ್ಮ ಬಡಾವಣೆಗಳ ಜಗುಲಿಗಳಲ್ಲಿ ಊಟಿ ಕೊಡೈಕೆನಾಲುಗಳ ಹೆಸರಿನಷ್ಟೇ ಸಲಿಗೆಯಿಂದ ಕೇಳಿಬರುತ್ತಿದೆ. ಇದರಲ್ಲಿ ನಾವು ದೋಷವನ್ನೇನೂ ಕಾಣುವುದಿಲ್ಲ. ನಂದಿಬೆಟ್ಟದ ಆಚೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಹಡಗನ್ನೇರಿ ಜಪಾನಿಗೆ ಹೋಗಿ, ಅಲ್ಲಿಯ ವಿದ್ಯಾಭ್ಯಾಸವನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡು ಬಂದರು. ಅವರು ಕಾರ್ಯಾರ್ಥಿಗಳಾಗಿ ಹೋದರು. ಇಂದಿನವರು ವಿನೋದಾರ್ಥಿಗಳಾಗಿ ಹೋಗುತ್ತಾರೆ. ವಿನೋದಕ್ಕೂ ಯೋಜನೆಯು ಬೇಕಷ್ಟೆ.

ಈ ಯೋಜನೆಯ ವಿಷಯವೇ ನಮ್ಮ ಈ ತಿಂಗಳ ಪ್ರಸ್ತಾಪ. ಸಂದರ್ಭವು ಹೀಗೆ ಒದಗಿತು.

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ಶಿಷ್ಯನೊಬ್ಬನು ಆರ್.ಟಿ. ನಗರದಿಂದ ಯಲಹಂಕದ ನಮ್ಮ ಮನೆಗೆ ಬಂದನು. ಕೈಯಲ್ಲಿ ಅಚ್ಚು ಮಾಡಿದ ಒಂದು ಹಾಳೆ. "ಮೇಷ್ಟ್ರೇ, ಜಪಾನಿನ ವೀಸಾಕ್ಕೆ ದಿನವಾರು ಪಟ್ಟಿ ಕೊಡಬೇಕಂತೆ. ಯಾವ ದಿನ ಯಾವ ಊರು, ಎಲ್ಲಿ ವಸತಿ, ಎಲ್ಲ ಬರೆಯಬೇಕು. ಬರೆದು ತಂದಿದ್ದೇನೆ; ನಿಮ್ಮ ಕಣ್ಣಿಗೆ ಒಮ್ಮೆ ಬೀಳಲಿ ಎಂದು ಬಂದೆ" ಎಂದನು. ನಾವು ಜಪಾನನ್ನು ಕಂಡವರಲ್ಲ. ಆದರೆ ಮೂವತ್ತು ವರ್ಷಕಾಲ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು, ಹೋದಷ್ಟೇ ಸಂಖ್ಯೆಯಲ್ಲಿ ಹಿಂದಕ್ಕೆ ಕರೆತಂದವರು. ಆದುದರಿಂದ ಪಟ್ಟಿಯನ್ನು ಪರಿಶೀಲಿಸುವ ಅಧಿಕಾರವು ನಮಗೆ ಉಂಟೆಂದು ಅವನು ಭಾವಿಸಿದ್ದನು.

ಪಟ್ಟಿಯು ಹೀಗಿತ್ತು: ಟೋಕಿಯೋದಲ್ಲಿ 2 ರಾತ್ರಿ, ಹಕೋನೆಯಲ್ಲಿ 1, ತಕಯಾಮದಲ್ಲಿ 1, ಕನಝಾವದಲ್ಲಿ 1, ಕ್ಯೋಟೋದಲ್ಲಿ 2, ಹಿರೋಶಿಮಾದಲ್ಲಿ 1, ಓಸಾಕಾದಲ್ಲಿ 1, ಮರಳಿ ಟೋಕಿಯೋದಲ್ಲಿ 1. ಒಟ್ಟು 10 ರಾತ್ರಿಗಳು, 7 ಊರುಗಳು. ಹೋಗುವವರು ನಾಲ್ವರು: ಅವನು, ಅವನ ಪತ್ನಿ, ಹನ್ನೊಂದು ವರ್ಷದ ಮಗಳು ಮತ್ತು ತಾಯಿ. ಆದರೆ ತಾಯಿಯ ಹೆಸರಿನ ಮುಂದೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

"ಇದೇನಪ್ಪಾ?" ಎಂದು ಕೇಳಿದೆವು.

"ಅಮ್ಮನಿಗೆ ಮನಸ್ಸಿಲ್ಲ, ಮೇಷ್ಟ್ರೇ. 'ನೀವೆಲ್ಲ ಹೋಗಿ ಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ' ಅಂತಾರೆ."

ಈ ವಾಕ್ಯವು ನಮ್ಮ ಕುಟುಂಬಗಳಲ್ಲಿ ಬಹು ಹಳೆಯದು. ಇದರ ವಾಚ್ಯಾರ್ಥವು ಒಂದು, ಧ್ವನಿಯು ಇನ್ನೊಂದು. ಆಕೆಯು ಬರಲಾರೆನೆಂದು ಹೇಳಿದುದು ಪಟ್ಟಿಯನ್ನು ಓದಿಸಿಕೊಂಡ ಮೇಲೆಯೋ ಮೊದಲೋ ಎಂದು ವಿಚಾರಿಸಿದೆವು. ಓದಿಸಿಕೊಂಡ ಮೇಲೆ ಎಂದು ಉತ್ತರ ಬಂದಿತು. ಆಕೆಗೆ ಎರಡು ವರ್ಷಗಳಿಂದ ಮಂಡಿನೋವು. ಏಳು ಸಲ ಪೆಟ್ಟಿಗೆ ಕಟ್ಟಿ ಏಳು ಸಲ ಬಿಚ್ಚುವ ಸಂಗತಿಯನ್ನು ಕೇಳಿ, ಮಕ್ಕಳ ಸಂತೋಷಕ್ಕೆ ತಾನು ಭಾರವಾಗಬಾರದೆಂದು ಆ ತಾಯಿಯು ಮನೆ ನೋಡಿಕೊಳ್ಳುವ ಮಾತನ್ನಾಡಿದರೆಂಬುದು ನಮಗೆ ಸ್ಪಷ್ಟವಾಯಿತು. ಮಗನಿಗೆ ಆಗಿರಲಿಲ್ಲ. ಅವನು ಕೆಟ್ಟವನಲ್ಲ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನಕ್ಕೆ ಎರಡು ಗಂಟೆ ಕಳೆಯುವ ಮನುಷ್ಯನಿಗೆ ಮಾತಿನ ಧ್ವನಿಯನ್ನು ವಿಚಾರಿಸುವಷ್ಟು ವಿರಾಮವು ದೊರೆಯದು.

ಅವನನ್ನು ಕುಳ್ಳಿರಿಸಿಕೊಂಡು ನಾವು ಒಂದು ಸಣ್ಣ ಲೆಕ್ಕವನ್ನು ಹಾಕಿಸಿದೆವು. ಜಪಾನಿನ ಹೋಟೆಲುಗಳಲ್ಲಿ ಬೆಳಿಗ್ಗೆ ಹತ್ತು ಅಥವಾ ಹನ್ನೊಂದು ಗಂಟೆಗೆ ಕೊಠಡಿಯನ್ನು ಬಿಡಬೇಕು. ಹೊಸ ಕೊಠಡಿಯು ದೊರೆಯುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಸಾಮಾನು ಕಟ್ಟುವುದು, ನಿಲ್ದಾಣವನ್ನು ಸೇರುವುದು, ರೈಲು, ಮತ್ತೆ ದಾರಿ ಹುಡುಕುವುದು, ಎಲ್ಲವೂ ಸೇರಿ ಒಂದು ಸ್ಥಳಾಂತರಕ್ಕೆ ಐದು ಗಂಟೆಯಾದರೂ ವ್ಯಯವಾಗುವುದು. ಏಳು ಸ್ಥಳಾಂತರಗಳಿಗೆ ಮೂವತ್ತೈದು ಗಂಟೆಗಳು. ಇನ್ನು ಹಗಲೆಷ್ಟು? ಅಕ್ಟೋಬರಿನ ಕೊನೆಯಲ್ಲಿ ಕ್ಯೋಟೋದಲ್ಲಿ ಸೂರ್ಯನು ಸಂಜೆ ಐದರ ಸುಮಾರಿಗೇ ಮುಳುಗುತ್ತಾನೆ. ಹಗಲಿನ ಪ್ರಮಾಣವು ಹನ್ನೊಂದು ಗಂಟೆಗೆ ಸಮೀಪ. ದೇವಾಲಯಗಳಲ್ಲಿ ಅನೇಕವು ನಾಲ್ಕೂವರೆ ಐದಕ್ಕೆಲ್ಲ ಬಾಗಿಲು ಹಾಕುತ್ತವೆ. ಅಂದ ಮೇಲೆ ಹತ್ತು ದಿನಗಳಲ್ಲಿ ಮೂರು ಪೂರ್ಣ ಹಗಲುಗಳು ಪೆಟ್ಟಿಗೆಯನ್ನು ಎಳೆಯುವುದರಲ್ಲಿಯೇ ಹೋದವು. ನಮ್ಮ ಶಿಷ್ಯನ ಪಟ್ಟಿಯಲ್ಲಿ ಸಂಜೆ ಆರು ಗಂಟೆಗೆ ಒಂದು ಉದ್ಯಾನದ ದರ್ಶನವಿತ್ತು. ಕತ್ತಲೆಯಲ್ಲಿ ಎಲೆಗಳ ಬಣ್ಣವನ್ನು ಹೇಗೆ ನೋಡುವೆಯೆಂದು ಕೇಳಿದುದಕ್ಕೆ ನಕ್ಕನು.

ನಗುವ ಹಕ್ಕು ನಮಗೂ ಹೆಚ್ಚಾಗಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾವು ಇದೇ ತಪ್ಪನ್ನು ಮಾಡಿದವರು. ಯಶವಂತಪುರದಲ್ಲಿ ರೈಲು ಹತ್ತಿ ಹದಿನಾಲ್ಕು ದಿನಗಳಲ್ಲಿ ಹನ್ನೊಂದು ಊರುಗಳನ್ನು ನೋಡಿ ಬರುವ ಉತ್ತರದೇಶದ ಯಾತ್ರೆಯನ್ನು ರೈಲ್ವೆ ಟೈಂಟೇಬಲಿನ ಸಹಾಯದಿಂದ ನಾವೇ ರಚಿಸಿದ್ದೆವು; ರಚನೆಯ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಪ್ರಯಾಗವನ್ನು ಮುಟ್ಟುವ ವೇಳೆಗೆ ನಮ್ಮ ಮನೆಯವರಿಗೆ ಜ್ವರ. ಒಂದು ದಿನ ನಿಂತರೆ ಮುಂದಿನ ಐದು ಟಿಕೆಟುಗಳು ನಷ್ಟವಾಗುವುವೆಂದು ಜ್ವರದಲ್ಲಿಯೇ ಪ್ರಯಾಣವನ್ನು ಮುಂದುವರಿಸಿದೆವು. "ನಾನು ಕಾಶಿ ನೋಡಲಿಲ್ಲ, ಕಾಶಿಯ ಸ್ಟೇಷನ್ ನೋಡಿದೆ" ಎಂದು ಅವರು ಇಂದಿಗೂ ಹೇಳುವುದುಂಟು. ಆ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ.

ಆ ಯಾತ್ರೆಯಿಂದ ಹಿಂದಿರುಗಿದ ಮೇಲೆ ಮೇಘದೂತವನ್ನು ಪಾಠ ಹೇಳುವಾಗ ಅದರ ಪೂರ್ವಭಾಗವು ನಮಗೆ ಹೊಸದಾಗಿ ತೋರತೊಡಗಿತು. ಯಕ್ಷನು ಮೇಘಕ್ಕೆ ಸಂದೇಶವನ್ನು ಹೇಳುವುದಕ್ಕೆ ಮೊದಲು ಮಾರ್ಗವನ್ನು ಹೇಳುತ್ತಾನೆ. ಆ ಮಾರ್ಗವೆಂಬುದು ಊರುಗಳ ಪಟ್ಟಿಯಲ್ಲ. ಆಯಾಸವಾದಾಗ ಯಾವ ಪರ್ವತದ ಮೇಲೆ ಕಾಲಿಡಬೇಕು, ಮಳೆಗರೆದು ಹಗುರವಾದಾಗ ಯಾವ ನದಿಯ ನೀರನ್ನು ಕುಡಿಯಬೇಕು ಎಂಬುದೆಲ್ಲ ಅಲ್ಲಿದೆ. ಉತ್ತರಕ್ಕೆ ಹೋಗುವವನಿಗೆ ದಾರಿ ಸೊಟ್ಟವಾದರೂ ಉಜ್ಜಯಿನಿಯನ್ನು ಬಿಡಬಾರದೆಂದು ಹೇಳಿ, ಅಲ್ಲಿ ಪಾರಿವಾಳಗಳು ಮಲಗಿರುವ ಮಾಡದ ಮೇಲೆ ಒಂದು ರಾತ್ರಿಯನ್ನು ಕಳೆಯೆಂದು ವಿಧಿಸುತ್ತಾನೆ. ಏತಕ್ಕೆಂದರೆ, ಮೇಘದ ಪತ್ನಿಯಾದ ಮಿಂಚು ಬಹಳ ಹೊತ್ತು ಹೊಳೆದು ಬಳಲಿರುತ್ತಾಳೆ. ತನ್ನ ಸಂದೇಶವು ಎಷ್ಟು ಬೇಗ ತಲುಪಿದರೂ ಸಾಲದೆಂಬ ಅವಸರದಲ್ಲಿರುವ ವಿರಹಿಯು ಅನ್ಯರ ಪತ್ನಿಯ ಬಳಲಿಕೆಯನ್ನು ನೆನೆದು ಒಂದು ರಾತ್ರಿಯನ್ನು ಬಿಟ್ಟುಕೊಡುತ್ತಾನೆ. ನಾವು ಐದು ಟಿಕೆಟುಗಳನ್ನು ಬಿಟ್ಟುಕೊಡಲಿಲ್ಲ.

ಶಿಷ್ಯನಿಗೆ ಹೇಳಿದುದಿಷ್ಟೆ: ಪಟ್ಟಿಯಲ್ಲಿ ಊರುಗಳನ್ನು ಎಣಿಸಬೇಡ, ರಾತ್ರಿಗಳನ್ನು ಎಣಿಸು, ನಾಲ್ವರಲ್ಲಿ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯಿಂದ ಹಗಲನ್ನು ಅಳೆ. ಅವನು ಒಪ್ಪಿಕೊಂಡು, ಮುಂದಿನ ಭಾನುವಾರ ತಮ್ಮ ಮನೆಗೇ ಊಟಕ್ಕೆ ಬರಬೇಕೆಂದೂ, ಎಲ್ಲರೂ ಕುಳಿತು ಹೊಸ ಪಟ್ಟಿಯನ್ನು ಮಾಡೋಣವೆಂದೂ ಆಮಂತ್ರಿಸಿ ಹೋದನು.

ನಡುವಿನ ವಾರದಲ್ಲಿ ನಾವು ಆ ದೇಶದ ಋತುಮಾನವನ್ನು ಕುರಿತು ಸ್ವಲ್ಪ ಓದಿಕೊಂಡೆವು. ಇಲ್ಲಿ ಶಬ್ದದ ಒಂದು ತೊಡಕು ಇದೆ. ಪಾಶ್ಚಾತ್ಯರ ಎಲೆಯುದುರುವ ಕಾಲವನ್ನು ನಮ್ಮವರು 'ಶರತ್ಕಾಲ'ವೆಂದು ಕನ್ನಡಿಸುತ್ತಾರೆ. ಆದರೆ ನಮ್ಮ ಶರತ್ತೆಂದರೆ ತಿಳಿಯಾದ ಆಕಾಶ, ತುಂಬಿದ ಕೆರೆ, ಬೆಳ್ಳಗೆ ಹೂವೆತ್ತಿದ ಹುಲ್ಲು, ಎಲೆಯುದುರುವುದು ಶಿಶಿರದಲ್ಲಿ. ಜಪಾನಿನಲ್ಲಿ ಎರಡೂ ಒಂದೇ ಕಾಲಕ್ಕೆ ಕೂಡಿಬರುತ್ತವೆ. ರಾತ್ರಿಯ ಶೀತವು ಸುಮಾರು ಎಂಟು ಡಿಗ್ರಿಗೆ ಇಳಿಯತೊಡಗಿದಾಗ ಅಲ್ಲಿಯ ಮೇಪಲ್ ಮರದ ಎಲೆಗಳು ಕೆಂಪಾಗಲಾರಂಭಿಸುತ್ತವೆ. ಶೀತವು ಉತ್ತರದಿಂದ ದಕ್ಷಿಣಕ್ಕೂ ಬೆಟ್ಟದ ನೆತ್ತಿಯಿಂದ ಬಯಲಿಗೂ ಇಳಿಯುವುದರಿಂದ ಈ ಕೆಂಪೂ ಅದೇ ಕ್ರಮದಲ್ಲಿ ಇಳಿಯುತ್ತದೆ. ಉತ್ತರದ ಹೊಕ್ಕೈಡೋ ದ್ವೀಪದಲ್ಲಿ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮಧ್ಯದವರೆಗೆ. ಟೋಕಿಯೋದಿಂದ ಎರಡು ಗಂಟೆ ದೂರದ ನಿಕ್ಕೋದಲ್ಲಿ ಮೇಲಿನ ಸರೋವರದ ಬಳಿ ಅಕ್ಟೋಬರಿನ ಮಧ್ಯಭಾಗ, ಕೆಳಗಿನ ದೇಗುಲಗಳ ಸುತ್ತ ತಿಂಗಳ ಕೊನೆ ಮತ್ತು ನವೆಂಬರಿನ ಆರಂಭ. ಕ್ಯೋಟೋ ನಗರಕ್ಕೆ ಬರುವುದು ನವೆಂಬರಿನ ಉತ್ತರಾರ್ಧದಲ್ಲಿ. ಕ್ಯೋಟೋದ ಕೆಂಪೆಲೆಯ ಚಿತ್ರವನ್ನು ನೋಡಿ ಅಕ್ಟೋಬರಿನಲ್ಲಿ ಹೋಗುವವರು ಹಸುರೆಲೆಯನ್ನು ನೋಡಿ ಬರುತ್ತಾರೆ. ಇನ್ನೂ ಮುಂಚೆ, ಸೆಪ್ಟೆಂಬರಿನಲ್ಲಿ ಹೊರಟವರಿಗೆ ಚಂಡಮಾರುತದ ಭಯವಿದೆ.

ನಮ್ಮ ಪಂಚಾಂಗವೂ ಇದಕ್ಕೆ ತಳಕು ಹಾಕಿಕೊಂಡಿದೆ. 2025ರಲ್ಲಿ ವಿಜಯದಶಮಿಯು ಅಕ್ಟೋಬರ್ 2ರಂದೇ ಬಂದುಹೋಯಿತು. 2026ರಲ್ಲಿ ಪರಾಭವ ಸಂವತ್ಸರದ ಅಧಿಕ ಜ್ಯೇಷ್ಠದ ದೆಸೆಯಿಂದ ಅದು ಅಕ್ಟೋಬರ್ 20ಕ್ಕೆ ಸರಿದಿದೆ. ದೀಪಾವಳಿಯ ಅಮಾವಾಸ್ಯೆಯು ನವೆಂಬರಿನ ಎರಡನೆಯ ವಾರಕ್ಕೆ. ದಸರೆಯ ರಜೆಯನ್ನು ನಂಬಿ ಪರದೇಶಕ್ಕೆ ಹೋಗುವವರು ಇಂಗ್ಲಿಷ್ ತಾರೀಖನ್ನು ಹಿಂದಿನ ವರ್ಷದವರಿಂದ ಕಡ ತಂದರೆ ಮೋಸಹೋಗುವುದು ಖಂಡಿತ.

ಭಾನುವಾರ ನಿಯಮಿತ ವೇಳೆಗೆ ಆರ್.ಟಿ. ನಗರವನ್ನು ಸೇರಿದೆವು. ಊಟವಾದ ಮೇಲೆ ಮೇಜಿನ ಮೇಲೆ ನಕ್ಷೆಯನ್ನು ಹರಡಿದರು. ಮೊದಲನೆಯ ತಕರಾರು ಬಂದುದು ನಾವು ನಿರೀಕ್ಷಿಸಿದ ಕಡೆಯಿಂದಲ್ಲ. ಶಿಷ್ಯನ ಪತ್ನಿಯು ಒಂದು ವರ್ಷದಿಂದ ಕೆಂಪೆಲೆಯ ಕ್ಯೋಟೋವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದವಳು. ಹಣವನ್ನು ತಿಂಗಳು ತಿಂಗಳು ಕೂಡಿಟ್ಟವಳೂ ಅವಳೇ. ಕ್ಯೋಟೋ ಕೆಂಪಾಗಬೇಕಾದರೆ ನವೆಂಬರ್ 20ರ ಮೇಲೆ ಹೋಗಬೇಕು. ಆಗ ಮಗಳ ಪರೀಕ್ಷೆ. ನವೆಂಬರ್ 23 ಅಲ್ಲಿ ಸರ್ಕಾರಿ ರಜೆಯಾದುದರಿಂದ ಆ ವಾರದಲ್ಲಿ ವಸತಿಯ ಬೆಲೆಯೂ ಜನಸಂದಣಿಯೂ ಅತ್ಯಧಿಕ. ಮಂಡಿನೋವಿನವರನ್ನು ಆ ಗುಂಪಿನಲ್ಲಿ ನಡೆಸುವುದು ಕಷ್ಟ. ನವರಾತ್ರಿಯೊಳಗೆ ಹೊರಡೋಣವೆಂದರೆ ಅತ್ತೆಯವರು ನಲವತ್ತು ವರ್ಷಗಳಿಂದ ಕೂರಿಸುತ್ತಿರುವ ಗೊಂಬೆಗಳನ್ನು ಈ ವರ್ಷ ಪೆಟ್ಟಿಗೆಯಲ್ಲಿಯೇ ಬಿಡಬೇಕು. ಹೀಗಿರಲಾಗಿ ವಿಜಯದಶಮಿಗೂ ದೀಪಾವಳಿಗೂ ನಡುವಿನ ಹದಿನೆಂಟು ದಿನಗಳೇ ಉಳಿದವು. ಆಕೆ ಸ್ವಲ್ಪ ಹೊತ್ತು ನಕ್ಷೆಯನ್ನು ನೋಡುತ್ತಿದ್ದು, "ನಿಕ್ಕೋ ಕೆಂಪಾಗಿರುತ್ತದಲ್ಲವೇ, ಅಷ್ಟು ಸಾಕು" ಎಂದಳು. ಈ ಪಟ್ಟಿಗಾಗಿ ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಟ್ಟವಳು ಆಕೆಯೆಂಬುದನ್ನು ಇಲ್ಲಿ ದಾಖಲೆ ಮಾಡುವುದು ನಮಗೆ ನ್ಯಾಯವೆಂದು ತೋರುತ್ತದೆ.

ಹಕೋನೆ, ತಕಯಾಮ, ಕನಝಾವ, ಓಸಾಕಾಗಳು ಹೆಚ್ಚು ವಾದವಿಲ್ಲದೆ ಬಿದ್ದುಹೋದವು. ಹಿರೋಶಿಮಾವು ಬೀಳಲಿಲ್ಲ. ಮಗಳು ಒಳಗಿನಿಂದ ಒಂದು ದಾರವನ್ನು ತಂದು ತೋರಿಸಿದಳು. ಅದರಲ್ಲಿ ಕಾಗದದಿಂದ ಮಡಿಚಿದ ಬಣ್ಣಬಣ್ಣದ ಕೊಕ್ಕರೆಗಳು. 1945ರ ಅಣುಬಾಂಬಿನ ವಿಕಿರಣದಿಂದ ರೋಗಕ್ಕೀಡಾಗಿ, ಆಸ್ಪತ್ರೆಯಲ್ಲಿ ಮಲಗಿ ಕಾಗದದ ಕೊಕ್ಕರೆಗಳನ್ನು ಮಡಿಚುತ್ತ 1955ರಲ್ಲಿ ತೀರಿಕೊಂಡ ಸಡಾಕೋ ಎಂಬ ಬಾಲಿಕೆಯ ಕಥೆಯನ್ನು ಆಕೆ ಓದಿದ್ದಳು. ಆ ಬಾಲಿಕೆಯ ನೆನಪಿನಿಂದ 1958ರಲ್ಲಿ ಅಲ್ಲಿ ಮಕ್ಕಳ ಸ್ಮಾರಕವೊಂದು ನಿಂತಿದೆ. ನಾನಾ ದೇಶದ ಮಕ್ಕಳು ಅಲ್ಲಿಗೆ ಕೊಕ್ಕರೆಗಳನ್ನು ಒಪ್ಪಿಸುತ್ತಾರೆ. ಆ ದಾರವನ್ನು ನೋಡಿದ ಮೇಲೆ ಹಿರೋಶಿಮಾ ಬೇಡವೆನ್ನುವ ಧೈರ್ಯವು ಯಾರಿಗೂ ಬರಲಿಲ್ಲ. ಆದರೆ ಅಲ್ಲಿ ರಾತ್ರಿ ತಂಗಬೇಕೆಂದೇನೂ ಇಲ್ಲ. ಕ್ಯೋಟೋದಿಂದ ವೇಗದ ರೈಲಿನಲ್ಲಿ ಒಂದು ಮುಕ್ಕಾಲು ಗಂಟೆಯೊಳಗಿನ ದಾರಿ. ತಂದೆಯೂ ಮಗಳೂ ಬೆಳಿಗ್ಗೆ ಹೋಗಿ ರಾತ್ರಿಗೆ ಮರಳಬಹುದು. ಅಜ್ಜಿಯೂ ಸೊಸೆಯೂ ಆ ದಿನ ಕ್ಯೋಟೋದಲ್ಲಿಯೇ ಇರತಕ್ಕದ್ದು. ಒಟ್ಟಿಗೆ ಹೋದ ಮೇಲೆ ನಾಲ್ವರೂ ಪ್ರತಿಯೊಂದು ನಿಮಿಷವೂ ಒಟ್ಟಿಗೇ ಇರಬೇಕೆಂಬ ನಿಯಮವನ್ನು ಯಾವ ಶಾಸ್ತ್ರದಲ್ಲಿಯೂ ನಾವು ಕಂಡಿಲ್ಲ. ಇದು ತೋಚದೆ ಎಷ್ಟೋ ಕುಟುಂಬಗಳು ವೃದ್ಧರನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತವೆ, ಇಲ್ಲವೇ ಮಕ್ಕಳ ಆಸೆಯನ್ನು ಹಿಸುಕುತ್ತವೆ.

ಇನ್ನು ನಮ್ಮ ಸ್ವಂತ ಆಸೆಯೊಂದಿತ್ತು. ಓಸಾಕಾಕ್ಕೆ ದಕ್ಷಿಣದ ಬೆಟ್ಟಗಳಲ್ಲಿ, ಸುಮಾರು ಎಂಟುನೂರು ಮೀಟರ್ ಎತ್ತರದಲ್ಲಿ ಕೋಯಾಸಾನ್ ಎಂಬ ಕ್ಷೇತ್ರವಿದೆ. ಚೀನಾದೇಶಕ್ಕೆ ಹೋಗಿ ಸಂಸ್ಕೃತವನ್ನೂ ಮಂತ್ರಮಾರ್ಗವನ್ನೂ ಕಲಿತು 806ರಲ್ಲಿ ಹಿಂದಿರುಗಿದ ಕೂಕಾಯಿ ಎಂಬ ಯತಿಗೆ 816ರಲ್ಲಿ ದೊರೆತ ಸ್ಥಳ ಅದು. ಅಲ್ಲಿಯ ಮಹಾಸ್ಮಶಾನದಲ್ಲಿ, ಆಕಾಶವನ್ನು ಮುಟ್ಟುವ ದೇವದಾರು ಜಾತಿಯ ಮರಗಳ ಕೆಳಗೆ ನಿಂತಿರುವ ಲಕ್ಷಾಂತರ ಸಮಾಧಿಶಿಲೆಗಳ ಮೇಲೆ ಸಿದ್ಧಂ ಎಂಬ ನಮ್ಮ ದೇಶದ ಹಳೆಯ ಲಿಪಿಯಲ್ಲಿ ಬೀಜಾಕ್ಷರಗಳನ್ನು ಕೆತ್ತಿದ್ದಾರೆ. ನಮ್ಮಲ್ಲಿ ಬಳಕೆ ತಪ್ಪಿಹೋದ ಲಿಪಿಯು ಅಲ್ಲಿ ಇಂದಿಗೂ ಬರೆಯಲ್ಪಡುತ್ತದೆ. ಅಗ್ನಿಕುಂಡದಲ್ಲಿ ಆಹುತಿ ಕೊಡುವ ಕರ್ಮವನ್ನು ಅಲ್ಲಿಯ ಪುರೋಹಿತರು 'ಗೋಮ'ವೆನ್ನುತ್ತಾರೆ. ಅದು ನಮ್ಮ ಹೋಮಶಬ್ದವೇ. ಬೆಟ್ಟವನ್ನು ಹತ್ತುವ ಹಗ್ಗದ ರೈಲು ಹೊರಡುವ ನಿಲ್ದಾಣದ ಹೆಸರಿಗೆ ಸುಖಾವತಿಯ ಸೇತುವೆಯೆಂದು ಅರ್ಥ. ನಾವು ಕಾಣಲಾರದ ಈ ಸ್ಥಳವನ್ನು ಶಿಷ್ಯನಾದರೂ ಕಂಡುಬರಲಿ ಎಂಬ ಸ್ವಾರ್ಥದಿಂದ, ಪಟ್ಟಿಯಲ್ಲಿ ಅದಕ್ಕೆ ಒಂದು ರಾತ್ರಿಯನ್ನು ಕೇಳಿದೆವು.

ಕೇಳಿದ ತಕ್ಷಣ ನಮ್ಮ ತತ್ತ್ವವು ನಮ್ಮ ಕಾಲಿಗೇ ತೊಡರಿತು. ಅಲ್ಲಿ ಇಳಿದುಕೊಳ್ಳುವುದು ಮಠಗಳಲ್ಲಿ. ಚಾಪೆಯ ನೆಲ, ನೆಲದ ಮೇಲೆ ಹಾಸಿಗೆ, ಊಟಕ್ಕೆ ತಗ್ಗಿನ ಮಣೆ. ರಾತ್ರಿಯ ಚಳಿಯು ನಮ್ಮ ಯಲಹಂಕದ ಧನುರ್ಮಾಸವನ್ನು ಬಹಳವಾಗಿ ಮೀರಿದುದು. ಕ್ಯೋಟೋದಿಂದ ಮೂರು ಗಂಟೆಗಳ, ಹಲವು ರೈಲುಗಳನ್ನು ಬದಲಾಯಿಸುವ ದಾರಿ. ಮಂಡಿನೋವಿನವರಿಗೆ ಹೇಳಿಸಿದ ಸ್ಥಳವಲ್ಲ. ಶಿಷ್ಯನು ಸಂಕೋಚದಿಂದ ಸುಮ್ಮನಾದನು. ನಾವೂ, "ಹೋಗಲಿ, ಬಿಡೋಣ" ಎಂದು ಪೆನ್ಸಿಲನ್ನು ಎತ್ತಿದೆವು.

ಅದುವರೆಗೆ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಹೂವು ಕಟ್ಟುತ್ತಿದ್ದ ಆ ತಾಯಿಯು, "ಮೇಷ್ಟ್ರೇ, ಅಲ್ಲಿ ಊಟದ ಗತಿಯೇನು?" ಎಂದು ಕೇಳಿದರು.

ಮಠದ ಊಟದಲ್ಲಿ ಮೀನು ಮಾಂಸಗಳಿಲ್ಲವೆಂದೂ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧವೆಂದೂ, ಸೋಯಾ ಅವರೆಯ ಗಿಣ್ಣು, ಸೊಪ್ಪು, ಗೆಡ್ಡೆ, ಅನ್ನಗಳೇ ಮುಖ್ಯವೆಂದೂ ಹೇಳಿದೆವು.

"ಬೆಳಿಗ್ಗೆ ಹೋಮಕ್ಕೆ ನಮ್ಮನ್ನು ಕೂರಿಸುತ್ತಾರೆಯೇ?"

ಹಲವು ಮಠಗಳಲ್ಲಿ ಪ್ರಾತಃಕಾಲದ ಪೂಜೆಗೆ ಅತಿಥಿಗಳು ಹೋಗಬಹುದೆಂದು ಉತ್ತರವಿತ್ತೆವು.

"ಹಾಗಾದರೆ ಅದೊಂದು ಇರಲಿ. ಎಲ್ಲ ಊರಿನಲ್ಲೂ ಮಕ್ಕಳು ನೋಡುವುದನ್ನು ನಾನು ನೋಡಬೇಕು. ಒಂದು ಕಡೆಯಾದರೂ ನಾನು ನೋಡುವುದನ್ನು ಅವರು ನೋಡಲಿ. ಕೂರುವುದಕ್ಕೆ ಒಂದು ಕುರ್ಚಿ ಸಿಕ್ಕರೆ ನನ್ನ ಮಂಡಿಯನ್ನು ನಾನು ನೋಡಿಕೊಳ್ಳುತ್ತೇನೆ."

ಮನೆ ನೋಡಿಕೊಳ್ಳುವ ಮಾತು ಮತ್ತೆ ಏಳಲಿಲ್ಲ. ಸೊಸೆಯು ಆ ಸಂಜೆಯೇ ವಿಚಾರಿಸಿ, ಮಂಚವೂ ಕುರ್ಚಿಯೂ ಇರುವ ಕೊಠಡಿಗಳನ್ನು ಕೆಲವು ಮಠಗಳು ಈಚೆಗೆ ಒದಗಿಸುತ್ತಿವೆಯೆಂದು ಪತ್ತೆಮಾಡಿದಳು. ಶನಿವಾರದ ರಾತ್ರಿ ಜನ ಹೆಚ್ಚಾದುದರಿಂದ ಶುಕ್ರವಾರವನ್ನು ಆರಿಸಿದೆವು.

ಕೊನೆಗೆ ಸಿದ್ಧವಾದ ಪಟ್ಟಿಯು ಈ ಪ್ರಕಾರವಾಗಿದೆ. ಅಕ್ಟೋಬರ್ 23ರಂದು ನರೀತಾ. ಟೋಕಿಯೋದಲ್ಲಿ 4 ರಾತ್ರಿಗಳು. ಮೊದಲನೆಯ ದಿನ ವಿಶ್ರಾಂತಿಯ ಹೊರತು ಬೇರೇನೂ ಇಲ್ಲ, ಏಕೆಂದರೆ ಎಂಟು ಒಂಬತ್ತು ಗಂಟೆಗಳ ವಿಮಾನಯಾನದ ಮೇಲೆ ಮೂರೂವರೆ ಗಂಟೆಗಳ ಕಾಲವ್ಯತ್ಯಾಸವೂ ಸೇರುತ್ತದೆ. ಒಂದು ದಿನ ನಿಕ್ಕೋಗೆ ಹೋಗಿಬರುವುದು. 27ರಂದು ಕ್ಯೋಟೋಗೆ ವೇಗದ ರೈಲು, ಎರಡೂಕಾಲು ಗಂಟೆ. ಕ್ಯೋಟೋದಲ್ಲಿ 3 ರಾತ್ರಿಗಳು. ಅದರಲ್ಲಿ ಒಂದು ದಿನ ನಾರಾ. ನಮ್ಮ ದೇಶದ ಬೋಧಿಸೇನನೆಂಬ ಭಿಕ್ಷುವು 752ರಲ್ಲಿ ಮಹಾಬುದ್ಧನ ಪ್ರತಿಮೆಗೆ ನೇತ್ರೋನ್ಮೀಲನ ಮಾಡಿದ ಊರು ಅದು. ಕ್ಯೋಟೋದಿಂದ ಒಂದು ಗಂಟೆಯೂ ಆಗದು. 30ರ ಶುಕ್ರವಾರ ಕೋಯಾಸಾನ್. ದೊಡ್ಡ ಪೆಟ್ಟಿಗೆಗಳನ್ನು ಕ್ಯೋಟೋದ ಹೋಟೆಲಿನಲ್ಲಿಯೇ ಬಿಟ್ಟು ಒಂದೊಂದು ಕೈಚೀಲದೊಡನೆ ಬೆಟ್ಟಕ್ಕೆ. ಮರಳಿ ಅದೇ ಹೋಟೆಲಿನಲ್ಲಿ 2 ರಾತ್ರಿಗಳು. ನವೆಂಬರ್ 1ರಂದು ತಂದೆಮಗಳ ಹಿರೋಶಿಮಾ. 2ರಂದು ಟೋಕಿಯೋ, 3ರಂದು ವಿಮಾನ. ದೀಪಾವಳಿಯ ಎಣ್ಣೆನೀರಿಗೆ ಮನೆ. ಮೊದಲಿನ ಪಟ್ಟಿಗಿಂತ ಒಂದು ರಾತ್ರಿ ಹೆಚ್ಚು. ದೊಡ್ಡ ಪೆಟ್ಟಿಗೆಯನ್ನು ಕಟ್ಟಿ ಬಿಚ್ಚುವುದು ಏಳರ ಬದಲು ಎರಡೇ ಸಲ.

ಓಸಾಕಾ ಕಡೆಯ ವಿಮಾನನಿಲ್ದಾಣದಿಂದಲೇ ಹಿಂದಿರುಗಿದರೆ ಟೋಕಿಯೋಗೆ ಮರಳುವ ಶ್ರಮವು ಉಳಿಯುವುದಿಲ್ಲವೇ ಎಂದು ಜಾಣ ವಾಚಕರು ಕೇಳಬಹುದು; ಶಿಷ್ಯನೂ ಕೇಳಿದನು. ಉಳಿಯುತ್ತದೆ. ಆದರೆ ಆಗ ನಡುವೆ ಬೇರೊಂದು ದೇಶದಲ್ಲಿ ವಿಮಾನವನ್ನು ಬದಲಾಯಿಸಬೇಕು. ನಡುರಾತ್ರಿ ಅಪರಿಚಿತ ನಿಲ್ದಾಣದ ಉದ್ದವನ್ನು ನಡೆಯುವುದಕ್ಕಿಂತ ಹಗಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಎರಡೂಕಾಲು ಗಂಟೆ ಹಿಂದಕ್ಕೆ ಹೋಗುವುದು ಮಂಡಿಗೆ ಮೇಲು. ಮಂಡಿಯಿಲ್ಲದ ಸಂಸಾರಗಳು ಬೇರೆ ತೀರ್ಮಾನಕ್ಕೆ ಬರಬಹುದು.

ರೈಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪರದೇಶಿಗಳಿಗೆ ದೊರೆಯುವ ಏಳು ದಿನಗಳ ಪಾಸನ್ನು ಕಣ್ಣುಮುಚ್ಚಿ ಕೊಳ್ಳಬೇಕೆಂದು ಹಿಂದೆ ಹೋಗಿಬಂದವರೆಲ್ಲ ಉಪದೇಶಿಸುತ್ತಾರೆ. ಅದರ ಬೆಲೆಯು 2023ರ ಅಕ್ಟೋಬರಿನಲ್ಲಿ 29,650 ಯೆನ್ನಿನಿಂದ ಒಮ್ಮೆಗೇ 50,000 ಯೆನ್ನಿಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಒಂದು ಸಲದ ದರವು ಸುಮಾರು 14,000 ಯೆನ್, ಹೋಗಿಬರುವುದಕ್ಕೆ 28,000. ಅಜ್ಜಿಗೂ ಸೊಸೆಗೂ ಪಾಸು ಶುದ್ಧ ನಷ್ಟ. ಪ್ರತಿಯೊಬ್ಬರದೂ ಬೇರೆ ಬೇರೆ ಲೆಕ್ಕ ಹಾಕತಕ್ಕದ್ದು. ಜೊತೆಗೆ ನವೆಂಬರ್ 3 ಅಲ್ಲಿ ಸಂಸ್ಕೃತಿದಿನದ ರಜೆ. ಮಂಗಳವಾರ ಬೀಳುವುದರಿಂದ ಸೋಮವಾರದ ರೈಲುಗಳಲ್ಲಿಯೂ ಜನವಿರುತ್ತದೆ. ಒಂದು ತಿಂಗಳ ಮೊದಲು ಆಸನಗಳನ್ನು ಕಾದಿರಿಸುವುದಕ್ಕೆ ತೆರೆಯುತ್ತಾರೆ, ಅಂದೇ ಕಾದಿರಿಸಬೇಕು. ಪೆಟ್ಟಿಗೆಯ ಉದ್ದ ಅಗಲ ಎತ್ತರಗಳ ಮೊತ್ತವು 160 ಸೆಂಟಿಮೀಟರನ್ನು ಮೀರಿದರೆ ಅದಕ್ಕೆ ಸ್ಥಳವಿರುವ ಆಸನವನ್ನೇ ಕೇಳಿ ಪಡೆಯಬೇಕೆಂಬ ನಿಯಮವು 2020ರಿಂದ ಇದೆ. ಇದಾವುದರ ಗೊಡವೆಯೂ ಬೇಡವಾದರೆ ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆಯನ್ನು ತಲುಪಿಸುವ ಸಾಗಣೆಯವರಿದ್ದಾರೆ. ಸಾಮಾನ್ಯವಾಗಿ ಮರುದಿನಕ್ಕೆ ಸೇರುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಆ ದೇಶದ ಸಾರು, ನೂಡಲಿನ ತಿಳಿ, ಕಡೆಗೆ ತರಕಾರಿ ಬೇಯಿಸಿದ ನೀರಿನಲ್ಲಿಯೂ ಒಣಮೀನಿನ ಕಷಾಯವು ಸೇರಿರುವುದು ಸಾಮಾನ್ಯ. ಮೀನಿನ ತುಂಡು ಕಾಣದಿದ್ದರೆ ಮೀನಿಲ್ಲವೆಂದು ಅವರೂ ಭಾವಿಸುತ್ತಾರೆ, ನಾವೂ ಭಾವಿಸುತ್ತೇವೆ. ಜಪಾನೀ ಭಾಷೆಯಲ್ಲಿ ಇದನ್ನು ವಿವರಿಸಿದ ಒಂದು ಚೀಟಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಲೇಸು. ಅವಲಕ್ಕಿ, ಹುರಿಟ್ಟು, ಚಟ್ನಿಪುಡಿಗಳನ್ನು ಕುರಿತು ನಮ್ಮ ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಆದರೆ ನೆಗಡಿಯ ಮಾತ್ರೆಗಳ ವಿಷಯದಲ್ಲಿ ಜಾಗರೂಕರಾಗಿರಬೇಕು. ಇಲ್ಲಿ ಅಂಗಡಿಯಲ್ಲಿ ದೊರೆಯುವ ಕೆಲವು ಔಷಧಗಳನ್ನು ಆ ದೇಶದೊಳಕ್ಕೆ ಒಯ್ಯುವುದು ನಿಷಿದ್ಧ. ವೈದ್ಯರ ಚೀಟಿಯೊಡನೆ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಮೊನ್ನೆ ಶಿಷ್ಯನು ದೂರವಾಣಿಯಲ್ಲಿ ಮಾತನಾಡಿದನು. ತಾಯಿಯು ದಿನವೂ ಬೆಳಿಗ್ಗೆ ಬಡಾವಣೆಯ ಉದ್ಯಾನದಲ್ಲಿ ಎರಡು ಸುತ್ತು ನಡೆಯುತ್ತಿದ್ದಾರಂತೆ. ಹೊಸ ಬೂಟುಗಳನ್ನು ಸೀರೆಯ ಕೆಳಗೆ ಹಾಕಿಕೊಳ್ಳಲು ಮೊದಲು ನಾಚಿ ಈಗ ರೂಢಿ ಮಾಡಿಕೊಂಡಿದ್ದಾರಂತೆ. ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ಮಗಳು ಅಳಿಸಿಹಾಕಿದಳೆಂದೂ ಹೇಳಿದನು. ಆಮೇಲೆ ಒಂದು ಸಂದೇಹವನ್ನೆತ್ತಿದನು.

"ಮೇಷ್ಟ್ರೇ, 29ನೆಯ ತಾರೀಖಿಗೆ ನಾವು ಏನೂ ಇಟ್ಟುಕೊಂಡಿಲ್ಲವಲ್ಲ. ವೀಸಾದ ಪಟ್ಟಿಯಲ್ಲಿ ಪ್ರತಿದಿನದ ಮುಂದೆಯೂ ಏನಾದರೂ ತುಂಬಬೇಕು. ಆ ದಿನಕ್ಕೆ ಏನು ಬರೆಯಲಿ?"

"ಕ್ಯೋಟೋ ಎಂದು ಬರೆ" ಎಂದೆವು.